ಮೂರು ಮಾನಿಟರಿನ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಎಲ್ಲಿಯ ಕಂಪ್ಯೂಟರ್ ಅಂಗಡಿಗೆ ಹೋಗಿ “ಗೇಮಿಂಗ್ ಪಿಸಿ ಬೇಕ್ರಿ, ಮೂರು ಮಾನಿಟರ್ ಹಚ್ಚಬೇಕು” ಅಂದರೂ ಮೊದಲು ಬರುವ ಮಾತು ಒಂದೇ: “ಬಜೆಟ್ ಎಷ್ಟೈತ್ರಿ?” ಬಜೆಟ್ ಕೇಳುವುದು ತಪ್ಪಲ್ಲ. ಆದರೆ ಅದಕ್ಕೂ ಮೊದಲು ತೀರ್ಮಾನ ಆಗಬೇಕಾದದ್ದು, ಆಟ ಎಷ್ಟು ಮಾನಿಟರಿನಲ್ಲಿ ಓಡಬೇಕು ಅನ್ನುವುದು. ನಡುವಿನದರಲ್ಲಿ ಆಟ, ಎಡಕ್ಕೆ ಡಿಸ್ಕಾರ್ಡ್ ಚಾಟ್, ಬಲಕ್ಕೆ ಯೂಟ್ಯೂಬೋ ವಿಟಿಯು ನೋಟ್ಸೋ ತೆರೆದಿಟ್ಟುಕೊಳ್ಳುವವರಿಗೆ ಬೇಕಾದ ಪಿಸಿ ಒಂದು. ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಂಡು ನಡುವೆ ಲಾರಿಯ ಮುಂಗಾಜು, ಎರಡೂ ಪಕ್ಕಕ್ಕೆ ಬಾಗಿಲ ಕಿಟಕಿ, ಕನ್ನಡಿ ಕಾಣಬೇಕು ಅನ್ನುವವರಿಗೆ ಬೇಕಾದ ಪಿಸಿ ಇನ್ನೊಂದು. ಪಾರ್ಟ್ ಪಟ್ಟಿ ಮೇಲುನೋಟಕ್ಕೆ ಒಂದೇ ಥರ ಕಂಡರೂ ಖರ್ಚಿನಲ್ಲಿ ಭಾಳ ಅಂತರ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 1920×1080ರ ಒಂದು ಮಾನಿಟರಿನಲ್ಲಿ 20,73,600 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ) ಇರುತ್ತವೆ. ಮೂರನ್ನು ಜೋಡಿಸಿದರೆ 5760×1080, ಅಂದರೆ 62,20,800. ಒಂದು 4ಕೆ ಪರದೆಯಲ್ಲಿರುವುದು 82,94,400. ಅಲ್ಲಿಗೆ ಮೂರು ಸಾದಾ ಮಾನಿಟರಿಗೆ ಆಟ ಹರಡುವುದೆಂದರೆ 4ಕೆ ಗೇಮಿಂಗಿನ ಮುಕ್ಕಾಲು ಪಾಲು ಕೆಲಸ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬೇಕೆಂದರೆ ಅದನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 37 ಕೋಟಿಗೂ ಮಿಕ್ಕಿ ಪಿಕ್ಸೆಲ್ ಬಿಡಿಸಬೇಕು. ಜೊತೆಗೆ ನೋಟ ಅಗಲವಾದಷ್ಟೂ ಅದರೊಳಗೆ ಬರುವ ಗಿಡ, ಗಾಡಿ, ಕಟ್ಟಡ ಹೆಚ್ಚು. ಆ ಭಾರ ಪ್ರೊಸೆಸರ್ ಮೇಲೂ ಬೀಳುತ್ತದೆ.

ಪಕ್ಕದ ಎರಡು ಮಾನಿಟರಿನಲ್ಲಿ ಬರೀ ಚಾಟ್, ವಿಡಿಯೋ ಇದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಿಂತ ಚಿತ್ರ ತೋರಿಸಲು ಕಾರ್ಡಿಗೆ ಶ್ರಮವೇ ಇಲ್ಲ, ವಿಡಿಯೋ ಬಿಚ್ಚಲು ಅದರೊಳಗೆ ಪ್ರತ್ಯೇಕ ಭಾಗವೇ ಇದೆ. ಆಟದ ಫ್ರೇಮಿಗೆ ಬೀಳುವ ಹೊಡೆತ ಸಣ್ಣದು. ಇಂಥವರಿಗೆ ಒಂದು ಮಾನಿಟರಿಗೆ ಸಾಕಾಗುವ ಕಾರ್ಡೇ ಸಾಕು. ಅದಕ್ಕೆ ಮೂರು ಮಾನಿಟರ್ ಹಚ್ಚಲು ಜಾಗ ಇರಬೇಕು, ಅಷ್ಟೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ವ್ಯಾಲರಂಟ್‌ನಂಥ ಆಟಗಳು 16:9ರ (ಒಂದು ಸಾದಾ ಮಾನಿಟರಿನ ಅಗಲ-ಎತ್ತರದ ಅನುಪಾತ) ಆಚೆ ನೋಟ ಕೊಡುವುದೇ ಇಲ್ಲ. ಮೂರು ಮಾನಿಟರ್ ಜೋಡಿಸಿದರೂ ಎರಡು ಪಕ್ಕ ಕಪ್ಪಾಗಿಯೇ ಇರುತ್ತವೆ. ಬೇರೆ ಎಷ್ಟೋ ಆಟಗಳು ಹರಡಿಕೊಳ್ಳುತ್ತವೆ, ಆದರೆ ಇಡೀ ದೃಶ್ಯವನ್ನು ಒಂದೇ ಚಪ್ಪಟೆ ಹಾಳೆಯಂತೆ ಬಿಡಿಸುವುದರಿಂದ ಅಂಚಿನ ಮನುಷ್ಯರು ರಬ್ಬರ್ ಎಳೆದಂತೆ ಅಡ್ಡಡ್ಡ ಕಾಣುತ್ತಾರೆ. ಪ್ರತಿ ಮಾನಿಟರಿಗೂ ಬೇರೆ ಕೋನದಿಂದ ದೃಶ್ಯ ಕೊಡಬಲ್ಲವು ಹೆಚ್ಚಾಗಿ ಡ್ರೈವಿಂಗ್ ಸಿಮ್ಯುಲೇಟರ್‌ಗಳು: ಐರೇಸಿಂಗ್, ಅಸೆಟ್ಟೊ ಕೋರ್ಸಾ, ಕಾನ್ಫಿಗ್ ಫೈಲಿನಲ್ಲಿ ಒಂದಿಷ್ಟು ತಿದ್ದಿದರೆ ಯೂರೋ ಟ್ರಕ್ ಕೂಡ. ಶೂಟಿಂಗ್ ಆಟಗಳೇ ಹೆಚ್ಚು ಆಡುವವರು ಮೂರಕ್ಕೂ ಹರಡುವ ಆಸೆಗೆ ದುಡ್ಡು ಸುರಿಯಬಾರದು. ಅದೇ ಹಣದಲ್ಲಿ ನಡುವೆ 144 ಹರ್ಟ್ಸಿನ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಒಂದು ಛಲೋ ಮಾನಿಟರ್, ಪಕ್ಕಕ್ಕೆ ಎರಡು ಹಳೆಯವು ಇಟ್ಟುಕೊಂಡರೆ ನಿಜವಾದ ಲಾಭ.

ಮೊದಲು ಕಾರ್ಡಿನ ಹಿಂಬದಿ ನೋಡಿ

ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಕೈಗೆ ಬಂದ ಕೂಡಲೇ ಎಲ್ಲರೂ ಎಷ್ಟು ಜಿಬಿ ಅಂತ ನೋಡುತ್ತಾರೆ. ಮೂರು ಮಾನಿಟರಿನವರು ಮೊದಲು ಎಣಿಸಬೇಕಾದದ್ದು ಪೋರ್ಟು. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060ರಂಥ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಮೂರು ಡಿಸ್‌ಪ್ಲೇ ಪೋರ್ಟು, ಒಂದು ಎಚ್‌ಡಿಎಂಐ ಇರುತ್ತವೆ. ನಾಲ್ಕು ಮಾನಿಟರ್ ತನಕ ಅಡ್ಡಿಯಿಲ್ಲ. ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲಿ ಎರಡು ಡಿಸ್‌ಪ್ಲೇ ಪೋರ್ಟು, ಒಂದು ಎಚ್‌ಡಿಎಂಐ: ಸರಿಯಾಗಿ ಮೂರು. ಆದರೆ ಅಗ್ಗ ಅಂತ ಮನಸ್ಸು ಎಳೆಯುವ ಆರ್‌ಎಕ್ಸ್ 6400, ಆರ್‌ಎಕ್ಸ್ 6500 ಎಕ್ಸ್‌ಟಿ ಎರಡೇ ಮಾನಿಟರಿಗೆ ಸೀಮಿತ. ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇ ಪೋರ್ಟು, ಮುಗಿಯಿತು. ಮೇಲಾಗಿ ಅವು ಮದರ್‌ಬೋರ್ಡಿನ ಜೊತೆ ಮಾತಾಡುವುದು ಬರೀ ನಾಲ್ಕು ಲೇನಿನಲ್ಲಿ (ಡೇಟಾ ಓಡುವ ದಾರಿ). ಕಾರ್ಡು ಕೂರುವ ಸ್ಲಾಟು ಪಿಸಿಐಇ 3.0 ಆಗಿರುವ ಹಳೆ ಬೋರ್ಡಿಗೆ ಹಾಕಿದರೆ ಫ್ರೇಮು ಇನ್ನೂ ಕುಸಿಯುತ್ತದೆ.

“4 ಜಿಬಿ ಕಾರ್ಡ್ ಐತ್ರಿ, ಭಾಳ ಸೋವಿ” ಅಂತ ಜಿಟಿ 730 ತೋರಿಸಿದರೆ ನಯವಾಗಿ ಬೇಡ ಅನ್ನಿ. ಆ ನಾಲ್ಕು ಜಿಬಿ ನಿಧಾನದ ಮೆಮೊರಿ, ಅದನ್ನು ತುಂಬಿಸುವ ತಾಕತ್ತು ಅದರ ಚಿಪ್ಪಿಗೆ ಇಲ್ಲ. ಎಕ್ಸೆಲ್ ತೋರಿಸಲು ಅಡ್ಡಿಯಿಲ್ಲ, ಹೊಸ ಆಟಕ್ಕೆ ಅಲ್ಲ.

ಈಗ ಕೇಬಲ್ಲಿನ ತಕರಾರು. ಅಗ್ಗದ 100 ಹರ್ಟ್ಸ್ ಮಾನಿಟರುಗಳಲ್ಲಿ ಎಷ್ಟೋ ಸಲ ಒಂದು ಎಚ್‌ಡಿಎಂಐ, ಒಂದು ವಿಜಿಎ ಮಾತ್ರ ಇರುತ್ತವೆ. ಕಾರ್ಡಿನಲ್ಲಿ ಎಚ್‌ಡಿಎಂಐ ಒಂದೇ. ಉಳಿದೆರಡು ಮಾನಿಟರಿಗೆ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬೇಕು. ಇಲ್ಲೇ ಜನ ಮೋಸ ಹೋಗುವುದು. ತೀರಾ ಅಗ್ಗದ ಅಡಾಪ್ಟರುಗಳು ಸಿಗ್ನಲ್ ಸಾಗಿಸುವ ವೇಗದ ಮಿತಿ 165 ಮೆಗಾಹರ್ಟ್ಸ್. 1080ಪಿಗೆ 60 ಹರ್ಟ್ಸ್ ದಾಟಿಸಲು ಅದು ಸಾಲದು. ಹೀಗಾಗಿ ಎಚ್‌ಡಿಎಂಐಗೆ ನೇರ ಹಚ್ಚಿದ ಮಾನಿಟರ್ 100ರಲ್ಲಿ, ಪಕ್ಕದವೆರಡು 60ರಲ್ಲಿ ಓಡುತ್ತವೆ. ಮೂರನ್ನೂ ಒಂದು ಮಾಡಲು ಹೋದರೆ ಮೂರೂ 60ಕ್ಕೆ ಇಳಿಯುತ್ತವೆ, “ಮಾನಿಟರ್ ಡುಪ್ಲಿಕೇಟ್” ಅಂತ ಅಂಗಡಿಯವರ ಜೊತೆ ಜಗಳ. 4ಕೆ 60 ಹರ್ಟ್ಸ್ ಅಂತ ಮೇಲೆ ಬರೆದಿರುವ ಆಕ್ಟಿವ್ ಅಡಾಪ್ಟರ್ (ಸಿಗ್ನಲ್ ಬದಲಿಸುವ ಚಿಪ್ ಒಳಗಿರುವುದು) ತಗೊಂಡರೆ ಈ ಕಾಟ ಇಲ್ಲ. ಡಿಸ್‌ಪ್ಲೇ ಪೋರ್ಟ್ ಇರುವ ಮಾನಿಟರನ್ನೇ ತಗೊಂಡರೆ ಅಡಾಪ್ಟರಿನ ಮಾತೇ ಇಲ್ಲ. ಮಾನಿಟರಿಗೆ ಕೊಟ್ಟ ಹೆಚ್ಚಿನ ದುಡ್ಡು ಅಲ್ಲೇ ವಾಪಸು.

ಈ ಅಡಾಪ್ಟರ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ ಅನ್ನುವುದೂ ನೆನಪಿರಲಿ. ಕಾರ್ಡಿನ ಡಿಸ್‌ಪ್ಲೇ ಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುತ್ತದೆ, ತಿರುಗಿಸಿ ಹಚ್ಚಿದರೆ ಕಪ್ಪು ಪರದೆ. ಬರೀ ವಿಜಿಎ ಇರುವ ಹಳೆ ಮಾನಿಟರ್ ಮನೆಯಲ್ಲಿದ್ದರೆ, ಹೊಸ ಕಾರ್ಡುಗಳಿಂದ ಅನಲಾಗ್ ಸಿಗ್ನಲ್ ಬರುವುದೇ ಇಲ್ಲವಾದ್ದರಿಂದ, ಅದಕ್ಕೂ ಆಕ್ಟಿವ್ ಅಡಾಪ್ಟರೇ ಬೇಕು. ಚಾಟ್ ನೋಡಲು ಸಾಕು. ಯುಎಸ್‌ಬಿಗೆ ಚುಚ್ಚಿ ಮಾನಿಟರ್ ಹೆಚ್ಚಿಸುವ ಡಬ್ಬಿಗಳು ಆಫೀಸ್ ಕೆಲಸಕ್ಕೆ, ಆಟಕ್ಕೆ ಬೇಡ.

ಯಾವ ಕಾರ್ಡು?

ಒಂದರಲ್ಲಿ ಆಟ, ಎರಡರಲ್ಲಿ ಕೆಲಸ ಅನ್ನುವವರಿಗೆ ಆರ್‌ಎಕ್ಸ್ 6600 ಇವತ್ತಿಗೂ ಹದವಾದ ಕಾರ್ಡು. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್ ಪವರ್ ಕೇಬಲ್. ಮೂರಕ್ಕೂ ಆಟ ಹರಡುವವರು 8 ಜಿಬಿಯನ್ನು ಕನಿಷ್ಠ ಅಂತ ತಿಳಿಯಬೇಕು. ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಸೆಟ್ಟಿಂಗ್ ಮೇಲಕ್ಕೆ ಒಯ್ದ ಕೂಡಲೇ ಮೆಮೊರಿ ತುಂಬಿ, ತಿರುವಿನಲ್ಲಿ ಲಾರಿ ಗಕ್ಕನೆ ನಿಂತು ಮುಂದೆ ಹೋದಂತಾಗುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಛಲೋ ತೋರಿಸುತ್ತಿರುತ್ತದೆ, ಆದರೆ ಆಡಲು ಆಗುವುದಿಲ್ಲ. ಅದಕ್ಕೇ 12 ಜಿಬಿಯ ಆರ್‌ಟಿಎಕ್ಸ್ 3060 ಹಳೆಯದಾದರೂ ಈ ಕೆಲಸಕ್ಕೆ ಬೆಲೆ ಉಳಿಸಿಕೊಂಡಿದೆ. ಬಜೆಟ್ ಸ್ವಲ್ಪ ಹಿಗ್ಗಿದರೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಇಂಟೆಲ್ ಆರ್ಕ್ ಬಿ580ರಲ್ಲೂ 12 ಜಿಬಿ ಇದೆ, ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೌಲಭ್ಯ) ಇಲ್ಲದಿದ್ದರೆ ಅದರ ಓಟ ಅರೆಬರೆ. ಹಳೆ ಪಿಸಿಗೆ ಅದನ್ನು ತಂದು ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡು ತಗೊಳ್ಳುವುದರಲ್ಲಿ ತಪ್ಪಿಲ್ಲ, ನೋಡಿ ತಗೊಳ್ಳಬೇಕು. ಆರ್‌ಎಕ್ಸ್ 580 ಅಂತ ಮಾರುವುದರಲ್ಲಿ ಎರಡು ಥರ ಇವೆ. ಅಸಲಿಯಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕ), ಹೆಸರು ಹಂಚಿಕೊಂಡ ಇನ್ನೊಂದರಲ್ಲಿ 2048. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ತೆರೆದರೆ ಮೊದಲ ಪುಟದಲ್ಲೇ ಸಂಖ್ಯೆ ಕಾಣುತ್ತದೆ. ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶವನ್ನು ಹದಿನೈದು ನಿಮಿಷ ಓಡಿಸಿ, ಫ್ಯಾನಿನ ಸದ್ದು ಕೇಳಿ, ಉಷ್ಣತೆ ನೋಡಿ. ಆಮೇಲೆ ಒಂದು ಮಾನಿಟರ್ ಹಿಡಿದು ಎಲ್ಲ ಪೋರ್ಟಿಗೂ ಒಂದೊಂದಾಗಿ ಹಚ್ಚಿ ನೋಡಿ. ಒಂದು ಮಾನಿಟರ್ ಬಳಸುವವರಿಗೆ ಸತ್ತ ಪೋರ್ಟು ಗೊತ್ತೇ ಆಗುವುದಿಲ್ಲ, ಮಾರುವವರಿಗೂ ಗೊತ್ತಿರಲಿಕ್ಕಿಲ್ಲ. ನಿಮಗೆ ಮಾತ್ರ ಅದು ಮೂರನೇ ಮಾನಿಟರ್ ಹೋದಂತೆ.

ಆಫೀಸಿನಿಂದ ಬಂದ ಹಳೆ ಬ್ರ್ಯಾಂಡೆಡ್ ಪಿಸಿಗೆ ಕಾರ್ಡು ತುರುಕುವ ಉಪಾಯಕ್ಕೂ ಮಿತಿ ಇದೆ. ಅವುಗಳ ಎಸ್‌ಎಂಪಿಎಸ್ (ಒಳಗಿನ ಪಾರ್ಟುಗಳಿಗೆ ಕರೆಂಟ್ ಕೊಡುವ ಡಬ್ಬಿ) ಸಣ್ಣದು, ಕನೆಕ್ಟರ್ ಎಷ್ಟೋ ಸಲ ಕಂಪನಿಯ ಸ್ವಂತದ್ದು, 8 ಪಿನ್ ಕೇಬಲ್ ಇರುವುದಿಲ್ಲ. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ.

ಪ್ರೊಸೆಸರ್, ಬೋರ್ಡು, ಮೆಮೊರಿ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದೇನಿಲ್ಲ. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ಡಿನ (ಒಮ್ಮೆಗೆ ನಡೆಸುವ ಕೆಲಸದ ಸಾಲು) ರೈಜೆನ್ 5 5600 ಅಥವಾ ಐ5-12400 ಸಾಕು. ನಾಲ್ಕು ಕೋರಿನ ಐ3-12100ಎಫ್ ಆಟಕ್ಕೆ ನಡೆಯುತ್ತದೆ, ಆದರೆ ಪಕ್ಕದಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬು, ಡಿಸ್ಕಾರ್ಡ್, ರೆಕಾರ್ಡಿಂಗ್ ಎಲ್ಲ ತೆರೆದರೆ ಏದುಸಿರು ಬಿಡುತ್ತದೆ. ಮೂರು ಮಾನಿಟರ್ ಇದ್ದವರು ಇವೆಲ್ಲ ತೆರೆದೇ ತೆರೆಯುತ್ತಾರೆ.

ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ರೈಜೆನ್ 5 5600ರಲ್ಲೂ ಇಲ್ಲ. ದರ ಕಡಿಮೆ ಅಂತ ಎಲ್ಲರೂ ಎಫ್ ಬರೆದುಕೊಡುತ್ತಾರೆ. ನಮ್ಮ ಊರುಗಳ ಮಟ್ಟಿಗೆ ಎಫ್ ಇಲ್ಲದ 12400ಕ್ಕೆ ಸ್ವಲ್ಪ ಹೆಚ್ಚು ಕೊಡುವುದು ಜಾಣತನ. ಕಾರ್ಡು ಕೆಟ್ಟರೆ ಅದು ವಾರಂಟಿಗೆ ದೊಡ್ಡ ಊರಿನ ಸರ್ವೀಸ್ ಸೆಂಟರಿಗೆ ಹೋಗಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ, ಅಷ್ಟು ದಿನ ಪಿಸಿ ಬರೀ ಡಬ್ಬಿಯಾಗಿ ಕೂರಬಾರದು. ಇನ್ನೊಂದು ಲಾಭವೂ ಉಂಟು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ‘ಐಜಿಡಿ ಮಲ್ಟಿ ಮಾನಿಟರ್’ ಅನ್ನುವುದನ್ನು ಆನ್ ಮಾಡಿದರೆ ಪಕ್ಕದ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೇ ಹಚ್ಚಬಹುದು. ಎರಡೇ ಪೋರ್ಟಿನ ಕಾರ್ಡು ಈಗಾಗಲೇ ಮನೆಯಲ್ಲಿದ್ದವರಿಗೆ ಇದೇ ದಾರಿ. ಆದರೆ ಹಾಗೆ ಹಚ್ಚಿದ ಮಾನಿಟರ್ ಆಟದ ಮೂರರ ಜೋಡಣೆಗೆ ಸೇರುವುದಿಲ್ಲ. ಜೋಡಣೆಯ ಮೂರೂ ಕೇಬಲ್ ಒಂದೇ ಕಾರ್ಡಿನಿಂದ ಹೊರಡಬೇಕು.

ಬೋರ್ಡು ಸಾದಾ ಎಚ್610 ಅಥವಾ ಬಿ550 ಆದರೆ ಸಾಕು. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಥರದ ಎಂಟು ಲೇನಿನ ಕಾರ್ಡುಗಳಿಗೆ ಪಿಸಿಐಇ 4.0 ಇರುವ ಬೋರ್ಡು ಮೇಲು, ಎ520ರಲ್ಲಿ 3.0 ಮಾತ್ರ. ರ‍್ಯಾಮ್ 8+8 ಜೋಡಿಯಾಗಿ ತಗೊಳ್ಳಿ, 16ರ ಒಂದೇ ಕಡ್ಡಿ ಹಾಕಿದರೆ ಅರ್ಧ ದಾರಿ ಮುಚ್ಚಿದಂತೆ. ಡೇಟಾ ಸೆಂಟರುಗಳು ಎಐಗಾಗಿ ಮೆಮೊರಿ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ದರ ಜಿಗಿದಿದೆ. ಡಿಡಿಆರ್4ರ ಹಳೆ ಕಡ್ಡಿಗಳು ಮನೆಯಲ್ಲಿದ್ದರೆ ಬೋರ್ಡನ್ನು ಅವಕ್ಕೆ ಹೊಂದುವಂತೆ ಆರಿಸುವುದೇ ಉಳಿತಾಯ. ಎಸ್‌ಎಸ್‌ಡಿ 500 ಜಿಬಿಗೆ ಕಡಿಮೆ ಬೇಡ. ಎರಡು ದೊಡ್ಡ ಆಟಕ್ಕೇ ಅದು ತುಂಬುವ ಕಾಲ ಇದು.

ಮಾನಿಟರ್, ಮೇಜು, ಒಂದು ನೂಲು

ಹರಡಿ ಆಡುವವರು ಮೂರೂ ಒಂದೇ ಮಾಡೆಲ್ ತಗೊಳ್ಳಲಿ, ಸಾಧ್ಯವಾದರೆ ಒಂದೇ ದಿನ, ಒಂದೇ ಲಾಟಿನಿಂದ. ಮೂರನ್ನೂ ಒಂದೇ ಪರದೆಯಾಗಿ ಜೋಡಿಸುವ ಎನ್‌ವಿಡಿಯಾ ಸರೌಂಡ್‌ಗೆ ರೆಸಲ್ಯೂಷನ್ ಮತ್ತು ರಿಫ್ರೆಶ್ ದರ ಮೂರಕ್ಕೂ ಒಂದೇ ಇರಬೇಕು. ಇದೇ ಕೆಲಸದ ಎಎಂಡಿಯ ಐಫಿನಿಟಿ ಸ್ವಲ್ಪ ಸಡಿಲ, ಆದರೂ ಬಣ್ಣ ಹೊಂದದ ಮೂರು ಪರದೆಯಲ್ಲಿ ಒಂದೇ ಆಕಾಶ ಮೂರು ಬಣ್ಣದಲ್ಲಿ ಕಾಣುವುದನ್ನು ಯಾವ ಸೆಟ್ಟಿಂಗೂ ಪೂರ್ತಿ ಸರಿಮಾಡದು. ಪ್ಯಾನೆಲ್ (ಚಿತ್ರ ಮೂಡುವ ಹಾಳೆ) ಐಪಿಎಸ್ ಥರದ್ದಿರಲಿ. ಪಕ್ಕದ ಮಾನಿಟರುಗಳನ್ನು ಸದಾ ಓರೆಯಾಗಿ ನೋಡುತ್ತೀರಿ, ಟಿಎನ್ ಪ್ಯಾನೆಲ್ ಆ ಕೋನದಲ್ಲಿ ಮಂಕಾಗುತ್ತದೆ. ಹಿಂಬದಿಯಲ್ಲಿ ವೆಸಾ ತೂತುಗಳು (75 ಅಥವಾ 100 ಮಿಲಿಮೀಟರ್) ಇವೆಯೇ ನೋಡಿ. ಅಗ್ಗದ ಕೆಲವು ಮಾಡೆಲ್ಲುಗಳಲ್ಲಿ ಇರುವುದಿಲ್ಲ, ಆಗ ಸ್ಟ್ಯಾಂಡಿಗೆ ಕೂರಿಸುವ ಆಸೆ ಬಿಡಬೇಕು.

24 ಇಂಚಿನ ಪರದೆಯ ಅಗಲ 53 ಸೆಂಟಿಮೀಟರ್, ಅಂಚು ಸೇರಿ 54 ಅಂದುಕೊಳ್ಳಿ. ಮೂರನ್ನು ನೆಟ್ಟಗೆ ಸಾಲಾಗಿ ಇಟ್ಟರೆ 162 ಸೆಂಟಿಮೀಟರ್, ಐದೂಕಾಲು ಅಡಿಗೂ ಹೆಚ್ಚು. ಆದರೆ ಹಾಗೆ ಇಡಬಾರದು. ಕಣ್ಣು ನಡುವಿನ ಪರದೆಯಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಮಾನಿಟರ್ ನಿಮ್ಮ ನೋಟದಲ್ಲಿ ಸುಮಾರು 48 ಡಿಗ್ರಿ ಆವರಿಸುತ್ತದೆ. ಪಕ್ಕದವನ್ನೂ ಅಷ್ಟೇ ಡಿಗ್ರಿ ಒಳಕ್ಕೆ ತಿರುಗಿಸಬೇಕು. ಆಗ ಒಟ್ಟು ಅಗಲ 126 ಸೆಂಟಿಮೀಟರಿಗೆ ಇಳಿಯುತ್ತದೆ, ಬದಲಿಗೆ ಎರಡೂ ರೆಕ್ಕೆ 40 ಸೆಂಟಿಮೀಟರ್ ಮುಂದಕ್ಕೆ ಚಾಚುತ್ತವೆ. ಬಡಿಗರಿಗೆ ಮೇಜು ಹೇಳುವಾಗ ಆರಡಿ ಉದ್ದ ಅನ್ನುವ ಬದಲು ನಾಲ್ಕೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ ಅಂತ ಹೇಳಿ.

ಕೋನಮಾಪಕ ಬೇಡ, ಒಂದು ನೂಲು ಸಾಕು. ಕುರ್ಚಿಯಲ್ಲಿ ಎಂದಿನಂತೆ ಕೂತು, ಮೂಗಿನ ಹತ್ತಿರ ನೂಲಿನ ತುದಿ ಹಿಡಿದು, ಇನ್ನೊಬ್ಬರಿಂದ ನಡುವಿನ ಪರದೆಯ ಮಧ್ಯಕ್ಕೆ ಎಳೆಸಿ ಅಲ್ಲಿ ಗಂಟು ಹಾಕಿಸಿ. ಅದೇ ನೂಲನ್ನು ಎಡ, ಬಲ ಪರದೆಯ ಮಧ್ಯಕ್ಕೂ ಎಳೆಯಿರಿ. ಗಂಟು ಪರದೆಗೆ ಸರಿಯಾಗಿ ತಾಕಬೇಕು, ನೂಲು ಪರದೆಗೆ ನೆಟ್ಟಗೆ ಕೂರಬೇಕು. ದೂರ ಹೆಚ್ಚಿದ್ದರೆ ರೆಕ್ಕೆ ಇನ್ನಷ್ಟು ಒಳಕ್ಕೆ, ಕಡಿಮೆ ಇದ್ದರೆ ಹೊರಕ್ಕೆ. ಆಟದ ಸೆಟ್ಟಿಂಗಿನಲ್ಲಿ ಕೇಳುವ ದೂರ, ಅಗಲ, ಕೋನಕ್ಕೆ ಈ ಅಳತೆಗಳನ್ನೇ ತುಂಬಿ. ಅಂಚಿನ ಪಟ್ಟಿಯ ಹಿಂದೆ ರಸ್ತೆಯ ಗೆರೆ ಮುರಿದಂತೆ ಕಂಡರೆ ಡ್ರೈವರಿನ ಬೆಜೆಲ್ ಕರೆಕ್ಷನ್‌ನಲ್ಲಿ ಗೆರೆ ಕೂಡುವ ತನಕ ತಿದ್ದಿ.

ಮೂರು ತೋಳಿನ ರೆಡಿಮೇಡ್ ಸ್ಟ್ಯಾಂಡ್ ದುಬಾರಿ. ಒಂದಿಂಚಿನ ಚೌಕ ಪೈಪಿನಲ್ಲಿ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು, ಮಾನಿಟರಿನ ತೂಕ ಹೆಚ್ಚೇನಲ್ಲ. ಹಿಂಬದಿಯ ಸ್ಕ್ರೂ ಎಂ4 ಅಳತೆಯದು, ಮಾನಿಟರಿನೊಳಗೆ ಹೋಗುವ ಭಾಗ 10 ಮಿಲಿಮೀಟರ್ ಆಸುಪಾಸು ಇರಲಿ. ಪಟ್ಟಿ ಗಟ್ಟಿ ಕೂರಲೆಂದು ಉದ್ದದ ಸ್ಕ್ರೂ ತಿರುಗಿಸಿದರೆ ಅದು ಪ್ಯಾನೆಲ್ಲಿಗೇ ಚುಚ್ಚುತ್ತದೆ, ಅದಕ್ಕೆ ವಾರಂಟಿಯೂ ಇಲ್ಲ.

ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಪಾರ್ಟ್ ಪಟ್ಟಿಯಲ್ಲಿ ಜನ ಕತ್ತರಿ ಹಾಕುವುದು ಇಲ್ಲೇ, ಹಾಕಬಾರದ್ದೂ ಇಲ್ಲೇ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ ‘450 ವ್ಯಾಟ್’ ಎಸ್‌ಎಂಪಿಎಸ್ಸನ್ನು ಕೈಯಲ್ಲಿ ಎತ್ತಿ ನೋಡಿ, ಖಾಲಿ ಡಬ್ಬಿಯಂತೆ ಹಗುರ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲು ಹುಡುಕಿ. ಅಲ್ಲಿ 16 ಆಂಪಿಯರ್ ಅಂತಿದ್ದರೆ 12×16, ಅಂದರೆ 192 ವ್ಯಾಟ್ ಮಾತ್ರ. ಕಾರ್ಡು, ಪ್ರೊಸೆಸರ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್, 12400ಕ್ಕೆ ಜೋರಿನಲ್ಲಿ 117, ಉಳಿದದ್ದಕ್ಕೆ 50 ಹಿಡಿದರೆ ಸುಮಾರು 340. ಹೆಸರಿರುವ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಝ್ ಸಾಕು. 80 ಪ್ಲಸ್ ಅನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದರ ಗುರುತು, ಗಟ್ಟಿತನದ ಗುರುತಲ್ಲ. ಗಟ್ಟಿತನಕ್ಕೆ ವಾರಂಟಿಯ ವರ್ಷ ನೋಡಿ.

ಈಗ ಯುಪಿಎಸ್. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ಸಿನ ನಿಜವಾದ ತಾಕತ್ತು ಸಾಮಾನ್ಯವಾಗಿ 360 ವ್ಯಾಟ್. ಆಟ ಆಡುವಾಗ ಪಿಸಿ ಒಳಗೆ 300 ವ್ಯಾಟ್ ಉಂಡರೆ ಗೋಡೆಯಿಂದ ಎಳೆಯುವುದು 350ರ ಹತ್ತಿರ, ಮೂರು ಮಾನಿಟರಿನದು 25ರಂತೆ 75. ಒಟ್ಟು 425. ಕರೆಂಟ್ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಹೋದ ಕ್ಷಣ ಯುಪಿಎಸ್ ಒಂದು ಸಲ ಕಿರುಚಿ ಪಿಸಿಯನ್ನೂ ಕರೆದುಕೊಂಡು ಹೋಗುತ್ತದೆ. ಆಟದ ಪಿಸಿಗೆ 1000 ವಿಎ, 600 ವ್ಯಾಟಿನದು ಬೇಕು. ಮನೆಯ ಇನ್ವರ್ಟರ್ ಮೇಲೆಯೇ ಓಡಿಸುವವರು ಅದು ಸೈನ್ ವೇವ್ ಇರಲಿ, ಸ್ವಿಚ್ ‘ಯುಪಿಎಸ್’ ಮೋಡಿನಲ್ಲಿರಲಿ. ಸಾದಾ ಮೋಡಿನಲ್ಲಿ ಬದಲಾಯಿಸಿಕೊಳ್ಳಲು ಅದು ತಗೊಳ್ಳುವ ಸಮಯವನ್ನು ಎಸ್‌ಎಂಪಿಎಸ್ ತಡೆದುಕೊಳ್ಳಲಾರದು. ಫ್ಯಾನು, ದೀಪ ಒಮ್ಮೆ ಮಿನುಗಿದಷ್ಟೇ ಕಂಡರೂ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಕರೆಂಟಿನ ಖರ್ಚೂ ಇಲ್ಲೇ ಹೇಳಬಹುದು. 425 ವ್ಯಾಟಿನಲ್ಲಿ ದಿನಕ್ಕೆ ಮೂರು ತಾಸು ಆಡಿದರೆ ತಿಂಗಳಿಗೆ 38 ಯುನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ಒಟ್ಟು ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಬ್ಯಾಸಗಿಯಲ್ಲಿ ಕೂಲರ್, ಫ್ರಿಜ್ ಜೊತೆ ಈ 38 ಸೇರುವಾಗ ಮನೆಯವರ ಕೈಗೆ ಸಿಕ್ಕಿಬೀಳುವುದು ಪಿಸಿಯೇ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅನ್ನುತ್ತಿದೆಯೇ? ಅದು ಪಿಸಿಯ ದೋಷಕ್ಕಿಂತ ಹೆಚ್ಚಾಗಿ ಅರ್ಥಿಂಗ್ ಇಲ್ಲದ್ದರ ಸೂಚನೆ. ಎಸ್‌ಎಂಪಿಎಸ್ಸಿನ ಫಿಲ್ಟರ್ ಸೋರಿಕೆಯ ಸಣ್ಣ ಕರೆಂಟನ್ನು ಕ್ಯಾಬಿನೆಟ್ಟಿನ ಮೈಗೆ, ಅಲ್ಲಿಂದ ಭೂಮಿಗೆ ಬಿಡುತ್ತದೆ. ಭೂಮಿಗೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ನೂರು ವೋಲ್ಟಿನ ಆಸುಪಾಸು ತೇಲುತ್ತಿರುತ್ತದೆ. ಒಂದು ಮಾನಿಟರ್ ಬೇರೆ ಸ್ವಿಚ್ ಬೋರ್ಡಿನಲ್ಲಿ, ಪಿಸಿ ಬೇರೆ ಸ್ವಿಚ್ ಬೋರ್ಡಿನಲ್ಲಿ ಇದ್ದಾಗ ಎಚ್‌ಡಿಎಂಐ ಕೇಬಲ್ ಚುಚ್ಚಿದ ಗಳಿಗೆಯಲ್ಲಿ ಆ ವ್ಯತ್ಯಾಸ ಪೋರ್ಟಿನ ಮೂಲಕ ಹರಿದು ಪೋರ್ಟ್ ಸಾಯಬಹುದು. ಹೀಗಾಗಿ ಪಿಸಿ, ಮೂರೂ ಮಾನಿಟರ್, ಸ್ಪೀಕರ್ ಎಲ್ಲ ಅರ್ಥಿಂಗ್ ಇರುವ ಒಂದೇ ಸ್ವಿಚ್ ಬೋರ್ಡಿನಿಂದ ಹೋಗಲಿ, ಕೇಬಲ್ ಹಚ್ಚುವಾಗ ಪವರ್ ತೆಗೆದಿರಲಿ. ನಮ್ಮ ಕಡೆಯ ಎರೆ ಮಣ್ಣು ಬ್ಯಾಸಗಿಯಲ್ಲಿ ಬಿರಿದು ಅರ್ಥಿಂಗ್ ರಾಡಿನಿಂದ ಬಿಡಿಸಿಕೊಳ್ಳುತ್ತದೆ. ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹಾಕುವ ಹಳೆ ರೂಢಿ ಪಿಸಿಗೂ ಅನ್ವಯ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ, ಒಂದೆರಡು ವೋಲ್ಟಿನೊಳಗೆ ಇರಬೇಕು.

ಬಿಸಿಲು, ಧೂಳು

ಕೋಣೆಯ ಉಷ್ಣತೆ ಎಷ್ಟು ಏರುತ್ತದೋ ಪಿಸಿಯದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 28 ಡಿಗ್ರಿ ಕೋಣೆಯಲ್ಲಿ 70 ತೋರಿಸುವ ಪ್ರೊಸೆಸರ್, ಏಪ್ರಿಲ್ ಮಧ್ಯಾಹ್ನ ವಿಜಯಪುರದ 40ರ ಕೋಣೆಯಲ್ಲಿ 82 ತೋರಿಸುತ್ತದೆ. ರೈಜೆನ್ 5600ರ ಮಿತಿ 90, 12400ರದ್ದು 100. ಉಳಿದ ಅಂತರ ಅಷ್ಟೇ. ಮುಂದೆ ಗಾಜು ಹಾಕಿ ಒಳಗೆ ಬಣ್ಣದ ದೀಪ ತೋರಿಸುವ ಕ್ಯಾಬಿನೆಟ್ ಬೆಳಗಾವಿಯ ತಂಪಿನಲ್ಲಿ ಹೇಗೋ ನಡೆದೀತು, ಬಾಗಲಕೋಟೆ, ವಿಜಯಪುರದಲ್ಲಿ ಬೇಡ. ಮುಂಭಾಗ ಜಾಲರಿಯದು, ಒಳಗೆಳೆಯಲು ಎರಡು ಫ್ಯಾನು, ಹೊರಹಾಕಲು ಹಿಂದೆ ಒಂದು. ಒಳಗೆ ಬರುವ ಗಾಳಿ ಹೆಚ್ಚಿದ್ದರೆ ಸಂದುಗೊಂದಿನಿಂದ ಧೂಳು ನುಸುಳುವುದು ಕಡಿಮೆ, ಬಂದದ್ದು ಮುಂದಿನ ಫಿಲ್ಟರಿನಲ್ಲೇ ನಿಲ್ಲುತ್ತದೆ.

ನೀರಿನ ಕೂಲರ್ ಕೋಣೆ ತಂಪು ಮಾಡುವುದು ಪಿಸಿಗೂ ಒಳ್ಳೆಯದೇ. ಗಾಳಿ ನೇರ ಕ್ಯಾಬಿನೆಟ್ಟಿಗೆ ಬಡಿಯದಿರಲಿ. ಬೋರಿನ ಗಡುಸು ನೀರಿನ ಹನಿ ಒಣಗಿದಲ್ಲಿ ಬಿಳಿ ಉಪ್ಪು ಉಳಿಯುತ್ತದೆ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು. ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಜೋಡಿಸಿದ ಮೇಲೆ

ಹೊಸ ಪಿಸಿ ಆನ್ ಮಾಡಿದಾಗ ಡಿಸ್‌ಪ್ಲೇ ಬಾರದಿದ್ದರೆ ಮೊದಲು ನೋಡಬೇಕಾದದ್ದು ಕೇಬಲ್ ಕಾರ್ಡಿಗೆ ಹೋಗಿದೆಯೋ ಬೋರ್ಡಿಗೆ ಹೋಗಿದೆಯೋ ಅನ್ನುವುದು. ಎಫ್ ಪ್ರೊಸೆಸರ್ ಇದ್ದು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದವರ ಸಂಖ್ಯೆ ಕಡಿಮೆಯೇನಲ್ಲ. ಮೊದಲ ಸಲ ಒಂದೇ ಮಾನಿಟರ್ ಹಚ್ಚಿ ವಿಂಡೋಸ್, ಡ್ರೈವರ್ ಹಾಕಿ ಮುಗಿಸಿ, ಆಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿ. ಮೂರನ್ನೂ ಒಮ್ಮೆಲೆ ಹಚ್ಚಿದರೆ ಬಯಾಸ್ ಎಡದ್ದರಲ್ಲೋ ಬಲದ್ದರಲ್ಲೋ ಕಾಣಿಸಿಕೊಂಡು ಗೊಂದಲ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 3200ರ ರ‍್ಯಾಮು 2133ಕ್ಕೋ 2666ಕ್ಕೋ ಓಡುತ್ತಿರುತ್ತದೆ. ವಿಂಡೋಸ್ ಮಾನಿಟರನ್ನು ಎಷ್ಟೋ ಸಲ 60 ಹರ್ಟ್ಸಿನಲ್ಲೇ ಬಿಟ್ಟಿರುತ್ತದೆ. ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಮೂರಕ್ಕೂ ಪ್ರತ್ಯೇಕವಾಗಿ ಬದಲಿಸಬೇಕು. ನಡುವಿನದು 144, ಪಕ್ಕದವು 60 ಅಂತ ಬೆರೆಸಿದಾಗ ಕೆಲವು ಕಾರ್ಡುಗಳು ಸುಮ್ಮನೆ ಕೂತಾಗಲೂ ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುತ್ತವೆ, ಫ್ಯಾನ್ ನಿಲ್ಲುವುದೇ ಇಲ್ಲ. ನಡುವಿನದನ್ನು 120ಕ್ಕೆ ಇಳಿಸಿದರೆ ಎಷ್ಟೋ ಸಲ ಶಾಂತವಾಗುತ್ತದೆ.

ಸರೌಂಡ್ ಅಥವಾ ಐಫಿನಿಟಿ ಆನ್ ಆಗಿರುವಾಗ ವಿಂಡೋಸ್‌ಗೆ ಮೂರೂ ಸೇರಿ ಒಂದೇ ಉದ್ದನೆಯ ಮಾನಿಟರ್. ಬ್ರೌಸರ್ ದೊಡ್ಡದು ಮಾಡಿದರೆ ಮೂರಕ್ಕೂ ಚಾಚುತ್ತದೆ. ಆಟದ ಹೊತ್ತಿಗೆ ಆನ್, ಕೆಲಸದ ಹೊತ್ತಿಗೆ ಆಫ್ ಮಾಡಿಕೊಳ್ಳುವುದೇ ಸುಲಭ.

ಮಾನಿಟರುಗಳನ್ನು ಆದಷ್ಟು ಊರಲ್ಲೇ ತಗೊಳ್ಳಿ. ಅಂಗಡಿಯಲ್ಲೇ ಆನ್ ಮಾಡಿಸಿ, ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಪರದೆ ಒಂದೊಂದಾಗಿ ತೋರಿಸಿ ಸತ್ತ ಪಿಕ್ಸೆಲ್ ಇಲ್ಲ ಅಂತ ನೋಡಿಕೊಂಡು ಹಣ ಕೊಡಿ. ಬಿಲ್ಲಿನಲ್ಲಿ ಮೂರರದ್ದೂ, ಕಾರ್ಡಿನದ್ದೂ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿನ ಫೋಟೋ ಫೋನಿನಲ್ಲಿರಲಿ, ಥರ್ಮಲ್ ಕಾಗದದ ಬಿಲ್ ಎರಡು ಬ್ಯಾಸಗಿಗೆ ಬಿಳಿಚಿಕೊಳ್ಳುತ್ತದೆ. ಮಾನಿಟರ್ ಬಾಕ್ಸುಗಳನ್ನು ಥರ್ಮೋಕೋಲ್ ಸಹಿತ ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿಡಿ. ಸರ್ವೀಸಿಗೆ ಬಸ್ಸಿನಲ್ಲಿ ಒಯ್ಯುವ ದಿನ ಬಂದರೆ ಅದರಷ್ಟು ಭದ್ರವಾದದ್ದು ಬೇರೆ ಸಿಗುವುದಿಲ್ಲ.